ಘಾಟಿ ಹತ್ತದ ಟ್ರಾವೆಲರ್ ಕ್ಯಾಂಪರ್: ರೀಮ್ಯಾಪ್‌ಗೆ ಮುಂಚೆ ಹೋಸ್ ನೋಡಿ

ಚಾರ್ಮಾಡಿ ಘಾಟಿ ಹತ್ತುವಾಗ ನಿಮ್ಮ ಟ್ರಾವೆಲರ್ ಕ್ಯಾಂಪರ್ (ಉಳಿದುಕೊಳ್ಳಲು ಸಜ್ಜು ಮಾಡಿದ ಟ್ರಾವೆಲರ್ ವ್ಯಾನ್) ಎರಡನೇ ಗೇರಿಗೆ ಇಳಿಯುತ್ತದೆ, ಕಪ್ಪು ಹೊಗೆ ಬರುತ್ತದೆ, ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಕಪ್ಪು ಹೊಗೆ ಅಂದ್ರೆ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ರೀಮ್ಯಾಪ್ ಮಾಡಿಸಿದರೆ ಇನ್ನಷ್ಟು ಡೀಸೆಲ್ ಸುರಿಯುತ್ತದೆ, ಬಿಸಿ ಜಾಸ್ತಿಯಾಗುತ್ತದೆ.

ಮೊದಲು ಏರ್ ಫಿಲ್ಟರ್ ನೋಡಿ. ಆಮೇಲೆ ಟರ್ಬೊದಿಂದ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಇಂಟರ್‌ಕೂಲರ್‌ಗೆ (ಆ ಗಾಳಿಯನ್ನು ತಣಿಸುವ ಭಾಗ) ಹೋಗುವ ಹೋಸ್ ಬಿಚ್ಚಿಸಿ, ಬಗ್ಗಿಸಿ ನೋಡಿ. ನನ್ನ ಗಾಡಿಯಲ್ಲಿ ಕ್ಲಾಂಪ್ ಅಡಿಯಲ್ಲೇ ಉಗುರಿನಷ್ಟು ಸೀಳಿತ್ತು, ಸುತ್ತ ಎಣ್ಣೆ ಜಿಡ್ಡು. ಗಾಡಿ ನಿಂತಾಗ ಏನೂ ಗೊತ್ತಾಗುವುದಿಲ್ಲ, ಏರಿನಲ್ಲಿ ಒತ್ತಡ ಬಂದಾಗ ಬಾಯಿ ಬಿಡುತ್ತದೆ. ಹೋಸ್ ಬದಲಿಸಿದ ಮೇಲೆ ಅದೇ ಏರನ್ನು ಮೂರನೇ ಗೇರಿನಲ್ಲಿ ಹತ್ತಿದೆ.

ನೀರಿನ ಟ್ಯಾಂಕ್ 200 ಲೀಟರ್ ತುಂಬಿದರೆ 200 ಕೆಜಿ ಹೊತ್ತ ಹಾಗೆ, ಅಲ್ವಾ? ಕಾಲು ಟ್ಯಾಂಕಿನಲ್ಲಿ ಹತ್ತಿ, ಘಾಟಿ ಮೇಲಿನ ಕೊಟ್ಟಿಗೆಹಾರದಲ್ಲಿ ತುಂಬಿಸಿಕೊಳ್ಳಿ.