ಕಾಟಿಯ ಮೈಗೆ ಕೂದಲಿನ ಬ್ರಷ್ ಬೇಕೆ?

ಡಿಜಿಟಲ್ ಚಿತ್ರಕಲೆಯ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತರಿ ಬ್ರಷ್‌ಗಳಿಗೆ, ಎಂದರೆ ನುಣುಪಾದ ಗೆರೆಯ ಬದಲು ಒರಟು ಕಾಗದದ ಮೇಲೆ ಸೀಮೆಸುಣ್ಣ ಎಳೆದಂಥ ಗುರುತನ್ನು ಬಿಡುವ ಬ್ರಷ್‌ಗಳಿಗೆ ಸಂಬಂಧಿಸಿದವು. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಕಾಟಿಯ (ಕಾಡುಕೋಣದ) ಚಿತ್ರ ಬರೆಯುತ್ತಿದ್ದೇನೆ. ಕೂದಲಿನ ಬ್ರಷ್ ಬಳಸಿ ಮೈಯೆಲ್ಲ ತುಂಬಿದೆ. ಎರಡು ವಾರ ಕೂತರೂ ಪ್ರಾಣಿ ಕಂಬಳಿ ಹೊದ್ದು ನಿಂತಂತೆಯೇ ಕಾಣುತ್ತದೆ. ಇದನ್ನು ಸರಿಪಡಿಸುವುದು ಹೇಗೆ?
— ಓದುಗರು, ಸಕಲೇಶಪುರ

ಉತ್ತರ: ಕಾಟಿಯ ಮೈಗೂದಲು ತೀರಾ ಗಿಡ್ಡ. ಕಾಡಂಚಿನಲ್ಲಿ ನಿಂತ ಗಂಡು ಕಾಟಿಯನ್ನು ನೀವು ನೋಡಿಯೇ ಇರುತ್ತೀರಿ. ಅಷ್ಟು ದೂರದಿಂದ ಒಂದು ಕೂದಲಾದರೂ ಕಣ್ಣಿಗೆ ಬಿದ್ದಿದ್ದುಂಟೇ? ಕಾಣುವುದು ಎಣ್ಣೆ ಸವರಿದಂಥ ಹೊಳಪು, ಭುಜದಿಂದ ಬೆನ್ನಿನ ನಡುವಿನವರೆಗೆ ಎದ್ದು ನಿಂತ ದಿಣ್ಣೆ, ಅದರ ಕೆಳಗೆ ಸ್ನಾಯುಗಳ ಉಬ್ಬುತಗ್ಗು. ಕೂದಲಿನ ಬ್ರಷ್ ಈ ಮೂರನ್ನೂ ಮುಚ್ಚಿಬಿಡುತ್ತದೆ, ಏಕೆಂದರೆ ಅದು ಬೆಳಕಿನಲ್ಲಿಯೂ ನೆರಳಿನಲ್ಲಿಯೂ ಒಂದೇ ಬಗೆಯ ಗೀಟುಗಳನ್ನು ಒಂದೇ ದಟ್ಟಣೆಯಲ್ಲಿ ಹರಡುತ್ತದೆ.

ಕೂದಲು ಬರೆದ ಪದರವನ್ನು (ಲೇಯರ್) ಮರೆಮಾಡಿ ಮೊದಲಿನಿಂದ ಹೊರಡಿ. ಪ್ರಾಣಿಯ ಆಕಾರವನ್ನು ಒಂದೇ ಕಡುಗಂದು ಬಣ್ಣದಲ್ಲಿ ತುಂಬಿ, ಆ ಪದರಕ್ಕೆ ಆಲ್ಫಾ ಲಾಕ್ ಹಾಕಿದರೆ ಮುಂದಿನ ಬಣ್ಣ ಆಕಾರದಾಚೆಗೆ ಚೆಲ್ಲುವುದಿಲ್ಲ. ಆಮೇಲೆ ದೊಡ್ಡದಾದ, ತರಿಯಿಲ್ಲದ ಬ್ರಷ್‌ನಿಂದ ಬೆಳಕು ಮತ್ತು ನೆರಳನ್ನು ಎರಡೇ ಭಾಗವಾಗಿ ವಿಂಗಡಿಸಿ. ತರಿ ಬ್ರಷ್‌ನ ಸರದಿ ಇಲ್ಲಿಂದ ಮುಂದೆ, ಅದೂ ಬೆಳಕು ಹೊರಳಿ ನೆರಳಾಗುವ ಆ ಸಂಧಿಯಲ್ಲಿ ಮಾತ್ರ. ಸ್ಟೈಲಸ್‌ನ (ಡಿಜಿಟಲ್ ಲೇಖನಿಯ) ಒತ್ತಡ ಕಡಿಮೆಯಾದಷ್ಟೂ ತರಿ ಹೆಚ್ಚು ಕಾಣುವಂತೆ ಬ್ರಷ್ಷನ್ನು ಹೊಂದಿಸಿಕೊಂಡು, ಒಣಗಿದ ಕುಂಚ ಕಾಗದದ ಉಬ್ಬುಗಳನ್ನಷ್ಟೇ ಸವರಿ ಹೋಗುವ ಹಾಗೆ ಹಗುರವಾಗಿ ಎಳೆಯಿರಿ. ಗೆರೆಯ ದಿಕ್ಕು ದೇಹದ ದುಂಡನ್ನು ಅನುಸರಿಸಲಿ. ಗಾಢ ನೆರಳಿನೊಳಗೆ ತರಿ ಬೇಡ, ಹೊಳಪು ಬೀಳುವ ತುದಿಯಲ್ಲೂ ಬೇಡ. ಹಣೆಯ ಬೂದಿಬಣ್ಣದ ಭಾಗ, ಕಿವಿಯ ಒಳಅಂಚು, ಬಾಲದ ಕುಚ್ಚು ಇಷ್ಟು ಕಡೆ ನಿಮ್ಮ ಕೂದಲಿನ ಬ್ರಷ್ಷಿಗೆ ಕೆಲಸ ಕೊಡಿ. ಮೊಣಕಾಲಿನ ಕೆಳಗಿನ ಬಿಳಿ ಕಾಲುಚೀಲದ ಅಂಚನ್ನು ಚೂರಿಯಲ್ಲಿ ಕೊಯ್ದಂತೆ ಬಿಡದೆ, ನಾಲ್ಕೈದು ಸಣ್ಣ ಗೀಟುಗಳಿಂದ ಮೇಲಿನ ಕಂದಿಗೆ ಬೆಸೆದರೆ ಸಾಕು, ಇಡೀ ಮೈಗೆ ಕೂದಲಿದೆ ಎಂದು ನೋಡುವವರು ತಾವೇ ಊಹಿಸಿಕೊಳ್ಳುತ್ತಾರೆ.

ಕರಡಿಯಾಗಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು.

ಪ್ರಶ್ನೆ: ಘಟ್ಟದ ಕಾಡನ್ನು ಎಲೆ ಬ್ರಷ್‌ನಿಂದ ಬರೆದರೆ ಒಂದೇ ಮೊಹರನ್ನು ನೂರು ಸಲ ಒತ್ತಿದಂತೆ ಕಾಣುತ್ತದೆ. ಹಿಂದಿನ ಬೆಟ್ಟಗಳೂ ಮುಂದಕ್ಕೆ ಬಂದು ಕೂರುತ್ತವೆ.
— ಓದುಗರು, ತೀರ್ಥಹಳ್ಳಿ

ಉತ್ತರ: ಮೊಹರಿನ ಹೋಲಿಕೆ ಸರಿಯಾಗಿಯೇ ಇದೆ. ಡಿಜಿಟಲ್ ಬ್ರಷ್ ಎಂದರೆ ಒಂದು ಪುಟ್ಟ ಚಿತ್ರವನ್ನು ಗೆರೆಯುದ್ದಕ್ಕೂ ಮತ್ತೆ ಮತ್ತೆ ಒತ್ತುತ್ತ ಹೋಗುವ ಉಪಾಯ. ಒತ್ತುಗಳ ನಡುವಿನ ಅಂತರವನ್ನು ಹೆಚ್ಚಿಸಿ, ಪ್ರತಿ ಒತ್ತಿಗೂ ಕೋನ ಮತ್ತು ಗಾತ್ರ ತಾವಾಗಿಯೇ ಬದಲಾಗುವಂತೆ ಸೆಟ್ಟಿಂಗ್ ಮಾಡಿಕೊಂಡರೆ ಮೊಹರು ಅರ್ಧ ಮರೆಯಾಗುತ್ತದೆ. ಉಳಿದರ್ಧ ಮರೆಯಾಗಬೇಕಾದರೆ ಮರವನ್ನು ಎಲೆಗಳ ರಾಶಿಯೆಂದು ನೋಡುವುದನ್ನು ಬಿಡಬೇಕು. ಮೊದಲು ಮರದ ಒಟ್ಟು ಮೊತ್ತವನ್ನು ಕಡುಹಸಿರಿನಲ್ಲಿ ನಿಲ್ಲಿಸಿ. ಎಲೆ ಬ್ರಷ್ಷನ್ನು ಅದರ ಹೊರ ಅಂಚಿನಲ್ಲಿ ಮತ್ತು ಬಿಸಿಲು ತಾಗಿದ ಎರಡು ಮೂರು ಗೊಂಚಲುಗಳಲ್ಲಿ ಮಾತ್ರ ಆಡಿಸಿ. ಕ್ರಿಟಾದಲ್ಲಿ ‘ಇ’ ಕೀಲಿಯನ್ನು ಒತ್ತಿದರೆ ಅದೇ ಬ್ರಷ್ ಅಳಿಸುವ ರಬ್ಬರ್ ಆಗುತ್ತದೆ. ಅದರಿಂದ ಕೊಂಬೆಗಳ ನಡುವೆ ಆಕಾಶ ಇಣುಕುವ ತೂತುಗಳನ್ನು ತೆರೆಯಿರಿ. ಎಲೆಗಳನ್ನು ಸೇರಿಸುವುದಕ್ಕಿಂತ ಈ ತೂತುಗಳನ್ನು ತೆರೆಯುವುದರಿಂದಲೇ ಮರ ಹೆಚ್ಚು ಮರವಾಗುತ್ತದೆ ಎಂಬುದು ನನ್ನ ಅನುಭವ.

ಬೆಟ್ಟಗಳು ಮುಂದಕ್ಕೆ ಬರುವುದಕ್ಕೂ ತರಿಯೇ ಕಾರಣ. ನಡುವೆ ತೇವದ ಗಾಳಿ ಹೆಚ್ಚಿದಷ್ಟೂ ದೂರದ ಬೆಟ್ಟದ ಕಪ್ಪು ತಿಳಿಯಾಗುತ್ತದೆ, ಬಣ್ಣ ನೀಲಿಗೆ ತಿರುಗುತ್ತದೆ, ವಿವರ ಅಳಿಯುತ್ತದೆ. ನೀವು ಬಣ್ಣವನ್ನೇನೋ ತಿಳಿಯಾಗಿಸಿರಬಹುದು, ಆದರೆ ತರಿಯನ್ನು ಮುಂದಿನ ಕಾಫಿ ಗಿಡಕ್ಕೆ ಎಷ್ಟು ಕೊಟ್ಟಿರೋ ಅಷ್ಟೇ ಹಿಂದಿನ ಶಿಖರಕ್ಕೂ ಕೊಟ್ಟಿದ್ದರೆ ಕಣ್ಣು ಎರಡನ್ನೂ ಒಂದೇ ದೂರದಲ್ಲಿ ಇಡುತ್ತದೆ. ಕೊನೆಯ ಸಾಲಿನ ಬೆಟ್ಟಗಳಿಗೆ ತರಿ ಬ್ರಷ್ ಮುಟ್ಟಿಸಲೇಬೇಡಿ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಕಲಾ ಗ್ಯಾಲರಿಗೆ ಒಮ್ಮೆ ಹೋಗಿ, ಕೆ. ವೆಂಕಟಪ್ಪನವರು (1886–1965) ಬರೆದ ಊಟಿಯ ಜಲವರ್ಣಗಳನ್ನು ನೋಡುವ ಅವಕಾಶವಿದ್ದರೆ ನಿಧಾನವಾಗಿ ನೋಡಿ. ಮಂಜಿಗೂ ಬೆಟ್ಟಕ್ಕೂ ನಡುವಿನ ಅಂಚನ್ನು ಅವರು ಎಲ್ಲಿ ಉಳಿಸಿದ್ದಾರೆ, ಎಲ್ಲಿ ಕರಗಿಸಿದ್ದಾರೆ ಎಂಬುದನ್ನು ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಂಡು ಬನ್ನಿ.

ಪ್ರಶ್ನೆ: ಪರದೆಯ ಮೇಲೆ ಚೆನ್ನಾಗಿ ಕಂಡ ತರಿ ಮುದ್ರಣದಲ್ಲಿ ಮಾಯವಾಯಿತು. ಏಕೆ?
— ಓದುಗರು, ಧಾರವಾಡ

ಉತ್ತರ: ನೀವು ಚಿತ್ರವನ್ನು ಹಿಗ್ಗಿಸಿಕೊಂಡು ಬರೆದಿರಬೇಕು. 300 ಡಿಪಿಐನಲ್ಲಿ, ಎಂದರೆ ಅಂಗುಲಕ್ಕೆ 300 ಚುಕ್ಕೆಯಂತೆ, ಎ4 ಹಾಳೆಯೆಂದರೆ 2480 × 3508 ಪಿಕ್ಸೆಲ್. ಅದರಲ್ಲಿ ಮೂರು ಪಿಕ್ಸೆಲ್ ಅಗಲದ ಚುಕ್ಕೆ ಕಾಗದದ ಮೇಲೆ ಸುಮಾರು ಕಾಲು ಮಿಲಿಮೀಟರ್ ಅಷ್ಟೇ ಆಗುತ್ತದೆ. ಅನೇಕ ಬ್ರಷ್‌ಗಳಲ್ಲಿ ಬ್ರಷ್ಷಿನ ಗಾತ್ರ ಹೆಚ್ಚಿಸಿದರೂ ತರಿಯ ಗಾತ್ರ ಇದ್ದಷ್ಟೇ ಇರುತ್ತದೆ, ಅದಕ್ಕೆ ಸ್ಕೇಲ್ ಎಂಬ ಬೇರೆಯೇ ಹಿಡಿ ಇದೆ. ಕೆಲಸ ಶುರುಮಾಡುವ ಮೊದಲು ಒಂದು ಮೂಲೆಯನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ ನೋಡಿ ಸ್ಕೇಲನ್ನು ಗೊತ್ತುಮಾಡಿಕೊಳ್ಳಿ. ಆನೆಯ ಸೊಂಡಿಲಿನ ಸುಕ್ಕನ್ನು ನಾಲ್ಕು ಪಟ್ಟು ಹಿಗ್ಗಿಸಿಕೊಂಡು ಮೂರು ರಾತ್ರಿ ಬರೆದು, ಕ್ಯಾಲೆಂಡರಿನಲ್ಲಿ ಬೂದು ಕೊಳವೆಯನ್ನು ಕಂಡ ಮೇಲೆ ನಾನು ಕಲಿತ ಪಾಠವಿದು.

ಪ್ರಶ್ನೆ: ದುಡ್ಡು ಕೊಟ್ಟು ಬ್ರಷ್ ಕಟ್ಟುಗಳನ್ನು ಕೊಳ್ಳಲೇಬೇಕೆ?
— ಓದುಗರು, ಕುಮಟಾ

ಉತ್ತರ: ಬೇಡ. ಕ್ರಿಟಾ ಉಚಿತ ತಂತ್ರಾಂಶ, ಅದರ ಜೊತೆಯಲ್ಲೇ ಬರುವ ಬ್ರಷ್‌ಗಳು ಧಾರಾಳವಾಗಿವೆ. ನಿಮ್ಮೂರಿನಲ್ಲಿ ಚಿರೆಕಲ್ಲಿನ ಗೋಡೆಗೆ ಬರವಿಲ್ಲವಲ್ಲ? ಇಳಿಬಿಸಿಲು ಓರೆಯಾಗಿ ಬೀಳುವಾಗ ಒಂದು ಕಲ್ಲಿನ ಫೋಟೋ ತೆಗೆದು, ಕಪ್ಪುಬಿಳುಪಾಗಿಸಿ, ಕಾಂಟ್ರಾಸ್ಟ್ ಏರಿಸಿ, ಸುತ್ತಲಿನ ಅಂಚನ್ನು ಪೂರ್ತಿ ಬಿಳಿಯಾಗಿಸಿದರೆ ಬ್ರಷ್ಷಿನ ಮೊನೆ ಸಿದ್ಧ. ಕ್ರಿಟಾ ಮತ್ತು ಫೋಟೋಶಾಪ್‌ಗಳಲ್ಲಿ ಆ ಚಿತ್ರದ ಕಪ್ಪು ಭಾಗ ಬಣ್ಣ ಬಿಡುತ್ತದೆ. ಐಪ್ಯಾಡಿನ ಪ್ರೊಕ್ರಿಯೇಟ್‌ನಲ್ಲಿ ಇದು ತಿರುವುಮುರುವು, ಅಲ್ಲಿ ಬಣ್ಣ ಬಿಡುವುದು ಬಿಳಿ ಭಾಗ, ಆದ್ದರಿಂದ ಚಿತ್ರದ ಕಪ್ಪುಬಿಳುಪನ್ನು ಅದಲುಬದಲು ಮಾಡಿ ಸೇರಿಸಬೇಕು. ಗೋಡೆಯ ಮೇಲೆ ಪಾಚಿ ಇದ್ದರೆ ಒರೆಸಬೇಡಿ, ಅದರ ಫೋಟೋವನ್ನೂ ಬೇರೆಯಾಗಿ ತೆಗೆದಿಟ್ಟುಕೊಳ್ಳಿ. ಮಳೆಗಾಲದ ಮರದ ಬೊಡ್ಡೆಗೆ ಅಷ್ಟು ಒಳ್ಳೆಯ ಬ್ರಷ್ ನನಗೆ ಬೇರೆ ಸಿಕ್ಕಿಲ್ಲ.