ಗ್ಯಾಲಪಗೋಸ್ ಹಡಗು ಪ್ರವಾಸದಲ್ಲಿ ತಪ್ಪಿಸಿಕೊಳ್ಳಬಾರದ ದಿನ ಯಾವುದು?

ದಾವಣಗೆರೆಯಿಂದ ಪೆಸಿಫಿಕ್ ಸಾಗರದಲ್ಲಿರುವ ಈಕ್ವೆಡಾರ್ ದೇಶದ ಗ್ಯಾಲಪಗೋಸ್ ದ್ವೀಪಗಳಿಗೆ ಹೊರಟಿದ್ದೀರಿ, ಯಾವ ದ್ವೀಪ ಬಿಡಬಾರದು ಎಂದು ಕೇಳಿದ್ದೀರಿ. ನನ್ನ ಉತ್ತರ ಫರ್ನಾಂಡಿನಾ.

ನಾನು ಚಿತ್ರದುರ್ಗದವಳು. ನಮ್ಮ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬು ಪೇರಿಸಿಟ್ಟಂತಹ ಬಂಡೆಗಳಿವೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಹಾಗೆ ಗುಂಡಗೆ ಹೆಪ್ಪುಗಟ್ಟಿತು. ಈ ಬಯಲುಸೀಮೆಯಲ್ಲಿ ಒಮ್ಮೆ ಕಡಲಿತ್ತು ಎಂದು ಮೇಷ್ಟ್ರು ಹೇಳಿದಾಗ ನಂಬಿದ್ದೆ. ಅದು ಹೇಗಿದ್ದಿರಬಹುದೆಂದು ಊಹೆಗೆ ಸಿಕ್ಕಿದ್ದು ಫರ್ನಾಂಡಿನಾದಲ್ಲಿ.

ಅಲ್ಲಿನ ಲಾ ಕುಂಬ್ರೆ ಜ್ವಾಲಾಮುಖಿ 2024ರ ಮಾರ್ಚ್‌ನಲ್ಲೂ ಉಕ್ಕಿದೆ. ಬೆಳಿಗ್ಗೆ ರಬ್ಬರ್ ದೋಣಿಯಲ್ಲಿ ಪುಂಟಾ ಎಸ್ಪಿನೋಜಾ ಎಂಬಲ್ಲಿ ಇಳಿದೆವು. ಕಾಲಡಿಯ ಕಪ್ಪು ಲಾವಾ ಹೊಸೆದ ಹಗ್ಗದ ಸುರುಳಿಯಂತಿತ್ತು. ಮಣ್ಣೆಂಬುದಿಲ್ಲ, ಬಿರುಕಿನಲ್ಲಿ ಗೇಣುದ್ದದ ಕಳ್ಳಿ ಮಾತ್ರ.

ಅದರ ಮೇಲೆ ನೂರಾರು ಕಡಲ ಇಗ್ವಾನಾಗಳು ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸುತ್ತಿದ್ದವು. ನೋಡಲು ನಮ್ಮ ಉಡದ ದಾಯಾದಿಗಳಂತಿವೆ. ತಣ್ಣನೆಯ ಸಮುದ್ರಕ್ಕಿಳಿದು ಪಾಚಿ ಮೇಯುವ ಪ್ರಾಣಿಗಳಾದ್ದರಿಂದ ಬಿಸಿಲು ಬೇಕೇ ಬೇಕು. ಮೇವಿನ ಜೊತೆ ಒಳಸೇರಿದ ಉಪ್ಪನ್ನು ಮೂಗಿನಿಂದ ಹೊರಗೆ ಸೀನುತ್ತವೆ. ನನ್ನೆದುರಿನದೊಂದು ಫುಸ್ ಎಂದಿತು; ಹನಿಗಳು ಅದರ ತಲೆಯ ಮೇಲೆಯೇ ಬಿದ್ದವು. ಹಿಂದಿನ ಉಪ್ಪೆಲ್ಲ ಒಣಗಿ, ಹಣೆಗೆ ವಿಭೂತಿ ಬಳಿದುಕೊಂಡಂತೆ ಕಾಣುತ್ತಿತ್ತು. ಪ್ರಾಣಿಗಳಿಂದ ಎರಡು ಮೀಟರ್ ದೂರದಲ್ಲಿರಬೇಕೆಂಬುದು ಗ್ಯಾಲಪಗೋಸ್ ರಾಷ್ಟ್ರೀಯ ಉದ್ಯಾನದ ನಿಯಮ. ಅವು ನಮ್ಮನ್ನು ಲೆಕ್ಕಕ್ಕೇ ಇಡಲಿಲ್ಲ.

ವಾಣಿ ವಿಲಾಸ ಸಾಗರದಲ್ಲಿ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದನ್ನು ನೀವೂ ನೋಡಿರಬಹುದು. ಇಲ್ಲಿಯ ನೀರುಕಾಗೆಯೂ ಅದನ್ನೇ ಮಾಡುತ್ತದೆ, ಆದರೆ ಹರಡಲು ಇರುವುದು ಮೋಟು ರೆಕ್ಕೆ. ಹಾರುವುದನ್ನೇ ಬಿಟ್ಟ ಈ ಹಕ್ಕಿ ಜಗತ್ತಿನಲ್ಲಿ ಫರ್ನಾಂಡಿನಾ ಮತ್ತು ಎದುರಿನ ಇಸಬೆಲಾ ದ್ವೀಪಗಳಲ್ಲಿ ಮಾತ್ರ ಇದೆ. ಗಂಡು ನೀರಿನಿಂದೆದ್ದು, ಕೊಕ್ಕಿನಲ್ಲಿ ಒದ್ದೆ ಪಾಚಿ ಹಿಡಿದು ಕುಪ್ಪಳಿಸುತ್ತಾ ಗೂಡಿಗೆ ಬಂತು. ಹೆಣ್ಣು ಅದನ್ನು ತೆಗೆದುಕೊಂಡು ಗೂಡಿನ ಅಂಚಿಗೆ ಸಿಕ್ಕಿಸಿ, ಸರಿಯಿಲ್ಲವೆಂದು ಕಿತ್ತು, ಮತ್ತೆ ಸಿಕ್ಕಿಸಿತು. ಅಲ್ಲಿಂದ ಕದಲಲು ನನಗೆ ಮನಸ್ಸಾಗಲಿಲ್ಲ.

ಮಧ್ಯಾಹ್ನ ದೋಣಿಯಿಂದ ಪೆಂಗ್ವಿನ್‌ಗಳೂ ಕಂಡವು. ಆಳದಿಂದ ಮೇಲೇಳುವ ತಣ್ಣೀರು ಸಮಭಾಜಕದ ಪಕ್ಕದಲ್ಲೂ ಅವನ್ನು ಸಾಕುತ್ತದೆ.

ಎಲ್ಲ ಹಡಗುಗಳೂ ಪಶ್ಚಿಮದ ಈ ದ್ವೀಪಗಳಿಗೆ ಹೋಗುವುದಿಲ್ಲ. ಹಣ ಕಟ್ಟುವ ಮೊದಲೇ ಮಾರ್ಗದ ಪಟ್ಟಿಯಲ್ಲಿ ಫರ್ನಾಂಡಿನಾ ಹೆಸರಿದೆಯೇ ನೋಡಿ. ಹೊರಡುವ ಮುನ್ನ ಒಂದು ಭಾನುವಾರ ಮರಡಿಹಳ್ಳಿಗೂ ಬನ್ನಿ. ಆ ಕಲ್ಲಿನ ಮೇಲೆ ಅಂಗೈ ಇಟ್ಟು ಹೋಗಿ.