ಮೊದಲಿನಿಂದ ಬರೆಯಬೇಕೆಂಬ ಹಂಬಲ: ಒಂದು ಆಪ್ತಸಲಹೆ ಪ್ರಕರಣ

(ವ್ಯಕ್ತಿಯ ಗುರುತು ತಿಳಿಯದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹೆ ಕೇಳಿ ಬಂದವರು ಅನುಭವಿ ಎಂಜಿನಿಯರ್. ವೆಬ್ ಎಪಿಐಗಳ (ತಂತ್ರಾಂಶಗಳು ಜಾಲದ ಮೂಲಕ ಒಂದನ್ನೊಂದು ಮಾಹಿತಿ ಕೇಳಿ ಪಡೆಯುವ ವ್ಯವಸ್ಥೆಗಳ) ಪರವಾಗಿ ಅಣಕು ಉತ್ತರ ಕೊಡುವ, ಸೇವೆ ಒದಗಿಸುವವರಿಗೂ ಬಳಸುವವರಿಗೂ ನಡುವಿನ ಒಪ್ಪಂದವನ್ನು ಪರೀಕ್ಷಿಸುವ ಮುಕ್ತ ತಂತ್ರಾಂಶವೊಂದನ್ನು ಬಹುಕಾಲದಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಎಪಿಐಗಳನ್ನು ವಿವರಿಸುವ ಮಾನದಂಡವಾದ ಸ್ವಾಗರ್ 2.0 ಕಾಲದ ಅದರ ಒಳರಚನೆಗೆ, ಆ ಮಾನದಂಡದ ಮುಂದಿನ ಆವೃತ್ತಿಯಾದ 2017ರ ಓಪನ್‌ಎಪಿಐ 3.0 ಅನ್ನು ತೇಪೆ ಹಾಕಿ ಹೊಂದಿಸಿದ್ದರು. ಆದರೆ 2021ರ 3.1 ಆವೃತ್ತಿ ಜೆಸಾನ್ ಎಂಬ ದತ್ತಾಂಶ ರೂಪದ ರಚನೆಯನ್ನು ನಿರೂಪಿಸುವ ಜೆಸಾನ್ ಸ್ಕೀಮಾದ 2020-12 ಆವೃತ್ತಿಗೆ ಹೊಂದಿಕೊಂಡು, ಮೌಲ್ಯ ಖಾಲಿ ಇರಬಹುದೆಂದು ಹೇಳುವ ‘ನಲ್ಲಬಲ್’ ಎಂಬ ಸೂಚಕವನ್ನೇ ಕೈಬಿಟ್ಟಾಗ ಆ ತೇಪೆಗಳು ನಿಲ್ಲಲಿಲ್ಲ. ಎಲ್ಲವನ್ನೂ ಮೊದಲಿನಿಂದ ಬರೆಯಲು ಹೊರಟು, ಹೊಸ ಕೋಡ್ ಅರ್ಧಕ್ಕೆ ನಿಂತು, ನಿದ್ರೆ ಕೆಟ್ಟು, ಬಳಕೆದಾರರ ದೂರುಗಳನ್ನು ತೆರೆಯಲೂ ಹೆದರುವ ಸ್ಥಿತಿಯಲ್ಲಿ ಅವರು ಬಂದಿದ್ದರು.

ಈ ಕೆಲಸವನ್ನು ಬೇರೆಯವರು ವಹಿಸಿಕೊಂಡರೆ ಹೇಗನಿಸುತ್ತದೆ ಎಂದು ಕೇಳಿದೆ. ‘ಹಗುರವಾಗುತ್ತದೆ’ ಎಂದರು. ಮರುಬರವಣಿಗೆಯ ಅಗತ್ಯ ನಿಜವೇ ಆಗಿತ್ತು. ಆದರೆ ಒಬ್ಬರೇ ಎಲ್ಲರಿಗೂ ಉತ್ತರಿಸಬೇಕಾದ ದಣಿವೂ ಅದರೊಳಗೆ ಸೇರಿಕೊಂಡಿತ್ತು, ಹೊಸ ಕೋಡ್ ಆ ದಣಿವನ್ನು ನೀಗಿಸಲಾರದು.

ಅವರ ಭಯಕ್ಕೆ ಇನ್ನೊಂದು ಗಟ್ಟಿ ಕಾರಣವೂ ಇತ್ತು. ಕೋರಿಕೆ, ಉತ್ತರಗಳ ಜೊತೆ ಹೋಗುವ ಹೆಡರ್ ಮಾಹಿತಿಯ ಹೆಸರುಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಭೇದವನ್ನು ಎಣಿಸದಿರುವುದು, ಜೆಸಾನ್ ವಸ್ತುವಿನೊಳಗಿನ ಕ್ಷೇತ್ರಗಳ ಕ್ರಮವನ್ನು ಕಡೆಗಣಿಸುವುದು, ಒಪ್ಪಂದದಲ್ಲಿಲ್ಲದ ಹೆಚ್ಚುವರಿ ಕ್ಷೇತ್ರವನ್ನು ಸಹಿಸಿಕೊಳ್ಳುವುದು, ಇಂಥ ನಡವಳಿಕೆಗಳಲ್ಲಿ ಹಲವು ಯಾರೋ ಬಳಕೆದಾರರ ತೊಂದರೆಗೆ ಕೊಟ್ಟ ಪರಿಹಾರವಾಗಿ ಕೋಡ್‌ನಲ್ಲಿ ಮಾತ್ರ ಉಳಿದಿದ್ದವು. ಆ ಕೋಡ್ ಅಳಿಸಿದರೆ ಅವನ್ನೆಲ್ಲ ಮತ್ತೆ ದೂರುಗಳ ಮೂಲಕವೇ ಕಲಿಯಬೇಕಾಗುತ್ತದೆ.

ತಂತ್ರಾಂಶ ವೃತ್ತಿಯವರೊಡನೆಯೇ ಹೆಚ್ಚಾಗಿ ಕೆಲಸ ಮಾಡುವುದರಿಂದ ನಾನು ಈ ವಿಷಯದಲ್ಲೂ ನೇರವಾಗಿ ಸಲಹೆ ಕೊಟ್ಟೆ. ಬರೆಯುವುದನ್ನು ಸದ್ಯ ನಿಲ್ಲಿಸಿ, ತಮ್ಮ ಒಪ್ಪಂದದ ಕಡತಗಳನ್ನು ಕಳುಹಿಸುವಂತೆ ಬಳಕೆದಾರರನ್ನು ಕೇಳಿ, ಅವುಗಳಿಗೆ ಹಳೆಯ ಉಪಕರಣ ಕೊಡುವ ಉತ್ತರಗಳನ್ನು ದಾಖಲಿಸಿ, ಅದೇ ಕೋರಿಕೆಗಳನ್ನು ಹೊಸದಕ್ಕೂ ಕೊಟ್ಟು ಹೋಲಿಸಬೇಕು. ಬಳಸುವವರ ನಿರೀಕ್ಷೆಯೇ ಒಪ್ಪಂದ ಎಂಬುದು ಅವರ ಉಪಕರಣದ ತತ್ವವೇ ಆಗಿದ್ದರೂ ಅದನ್ನು ಆ ಉಪಕರಣಕ್ಕೇ ಅನ್ವಯಿಸುವುದು ಅವರಿಗೆ ಹೊಳೆದಿರಲಿಲ್ಲ. ದಣಿದ ಮನಸ್ಸಿಗೆ ಇದು ಸಹಜ. ಇಂಥದೇ ಒಪ್ಪಂದ ಪರೀಕ್ಷೆಯ ಉಪಕರಣವಾದ, 2013ರಲ್ಲಿ ರೂಬಿ ಭಾಷೆಯಲ್ಲಿ ಆರಂಭವಾದ ಪ್ಯಾಕ್ಟ್ ಕ್ರಮೇಣ ರಸ್ಟ್ ಭಾಷೆಯ ತಿರುಳಿಗೆ ಸಾಗಿದ್ದನ್ನೂ, ಭಾಷೆಗೆ ಕಟ್ಟುಬೀಳದ ನಿರೂಪಣೆಯನ್ನೂ ಪರೀಕ್ಷಾ ಉದಾಹರಣೆಗಳನ್ನೂ ಆ ಯೋಜನೆ ಪ್ರತ್ಯೇಕವಾಗಿ ಇಟ್ಟುಕೊಂಡಿರುವುದನ್ನೂ ಉದಾಹರಿಸಿದೆ. ಮೊದಲು ಉತ್ತರವನ್ನು ಒಪ್ಪಂದದೊಡನೆ ಹೋಲಿಸುವ ಭಾಗವೊಂದನ್ನೇ ಬದಲಿಸಿ, ಅಣಕು ಸರ್ವರನ್ನು ಹಾಗೆಯೇ ಬಿಡಲು ಹೇಳಿದೆ. ಹಳೆಯ ದೋಷಗಳನ್ನೆಲ್ಲ ಉಳಿಸಿಕೊಳ್ಳಬೇಕಿಲ್ಲ. ಕೈಬಿಡುವುದನ್ನು ಬಿಡುಗಡೆಯ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆದರೆ ಸಾಕು.

ಜೊತೆಗೆ, ಸದ್ಯಕ್ಕೆ ಹೊಸ ಸೌಲಭ್ಯಗಳಿಲ್ಲ ಎಂದು ಬಹಿರಂಗವಾಗಿ ತಿಳಿಸಿ, ಕೋಡ್ ಸೇರಿಸುವ ಅಧಿಕಾರವನ್ನು ನಂಬಿಕಸ್ತರೊಬ್ಬರಿಗೆ ಕೊಡಬೇಕೆಂದೂ, ನಿದ್ರೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಬೇಕೆಂದೂ ಸೂಚಿಸಿದೆ.

ಈಗ ಹೋಲಿಕೆಯ ಹೊಸ ಭಾಗ ಬಳಕೆಯಲ್ಲಿದೆ, ಸಹನಿರ್ವಾಹಕರೊಬ್ಬರು ದೂರುಗಳ ಅರ್ಧ ಪಾಲನ್ನು ನೋಡಿಕೊಳ್ಳುತ್ತಿದ್ದಾರೆ. 3.1ರ ಕೆಲಸ ಇನ್ನೂ ಬಾಕಿಯಿದೆ. ನಮ್ಮ ಭೇಟಿಗಳೂ ಮುಂದುವರಿದಿವೆ.